ಬಾಳೆಹಣ್ಣಿನ ಲೆಕ್ಕವೂ ಒಂದು ಸರಳರೇಖೆಯೂ

ಮೊದಲು ಒಂದು ಲೆಕ್ಕವನ್ನು ಕೇಳಿ. ಕಾಡಿನ ಅಂಚಿನಲ್ಲಿ ಒಂದು ತಂಪಾದ ತಾಣ. ದಾರಿ ನಡೆದು ದಣಿದ 23 ಮಂದಿ ಪಯಣಿಗರು ಅಲ್ಲಿಗೆ ಬಂದಿದ್ದಾರೆ. ಬಾಳೆಹಣ್ಣಿನ 63 ರಾಶಿಗಳಿವೆ. ಎಲ್ಲ ರಾಶಿಗಳಲ್ಲಿಯೂ ಹಣ್ಣಿನ ಎಣಿಕೆ ಒಂದೇ. ಅದಲ್ಲದೆ ಬಿಡಿಯಾಗಿ 7 ಹಣ್ಣುಗಳಿವೆ. ಎಲ್ಲವನ್ನೂ ಒಟ್ಟುಗೂಡಿಸಿ ಅಷ್ಟು ಜನಕ್ಕೂ ಸಮನಾಗಿ ಹಂಚಿದಾಗ ಒಂದು ಹಣ್ಣೂ ಮಿಗಲಿಲ್ಲ, ಯಾರ ಪಾಲಿಗೂ ಕೊರತೆ ಬೀಳಲಿಲ್ಲ. ಹಾಗಾದರೆ ಒಂದೊಂದು ರಾಶಿಯಲ್ಲಿ ಇದ್ದ ಹಣ್ಣುಗಳೆಷ್ಟು?

ಈ ಲೆಕ್ಕವನ್ನು ಹಾಕಿದಾತ ಮಹಾವೀರಾಚಾರ್ಯ. ಅವನ 'ಗಣಿತಸಾರಸಂಗ್ರಹ' ಸಂಸ್ಕೃತದಲ್ಲಿದೆ, ಕಾಲ ಕ್ರಿ. ಶ. 850ರ ಸುಮಾರು. ಗ್ರಂಥದ ಆರಂಭದಲ್ಲಿ ಆತ ಸ್ತುತಿಸುವುದು ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನನ್ನು. 'ಕವಿರಾಜಮಾರ್ಗ'ದ ಹೆಸರು ಬಂದೊಡನೆ ಎದೆಯುಬ್ಬಿಸುವ ನಮ್ಮಂಥ ಪಂಡಿತರು ಅದೇ ದೊರೆಯ ಕಾಲದ ಈ ಗಣಿತಗ್ರಂಥದ ಕಡೆಗೆ ತಲೆ ಹಾಕಿಯೂ ನೋಡುವುದಿಲ್ಲ. ಎಂ. ರಂಗಾಚಾರ್ಯರು ಇದನ್ನು ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಪ್ರಕಟಿಸಿದ್ದು 1912ರಲ್ಲಿ; 2000ದಲ್ಲಿ ಹೊಂಬುಜದಿಂದ ಕನ್ನಡ ಅನುವಾದವೂ ಬಂದಿತು. ನಾನು ಅದನ್ನು ತೆರೆದದ್ದು ಐವತ್ತು ದಾಟಿದ ಮೇಲೆ. ಅದಕ್ಕೆ ಕಾರಣಳಾದವಳು ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ.

ಗಣಿತದ ಮೇಷ್ಟರು ರಜದ ಮೇಲಿದ್ದ ಒಂದು ದಿನ ಅವರ ಪಾಠದ ಹೊತ್ತಿನಲ್ಲಿ ಮಕ್ಕಳನ್ನು ಸುಮ್ಮನಿರಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಮಕ್ಕಳು ಗ್ರಾಫ್ ಪುಸ್ತಕ ತೆಗೆದು, ಎರಡು ಅವ್ಯಕ್ತಗಳ ಒಂದು ಸಮೀಕರಣಕ್ಕೆ ನಕ್ಷೆ ಬಿಡಿಸುತ್ತಿದ್ದರು. ಮೊದಲನೆಯದಕ್ಕೆ ಒಂದು ಬೆಲೆ ಕೊಡುವುದು, ಎರಡನೆಯದರ ಬೆಲೆಯನ್ನು ಲೆಕ್ಕ ಮಾಡುವುದು, ಅಷ್ಟು ಅಡ್ಡಕ್ಕೆ ಅಷ್ಟು ಮೇಲಕ್ಕೆ ಎಣಿಸಿ ಒಂದು ಚುಕ್ಕಿ ಇಡುವುದು. ಹೀಗೆ ಐದು ಚುಕ್ಕಿಯಾದ ಮೇಲೆ ಅಳತೆಪಟ್ಟಿಯನ್ನಿಟ್ಟು ಸರ್ರನೆ ಒಂದು ಗೆರೆ. ಆ ಹುಡುಗಿ ಪಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡೇ ಕೇಳಿದಳು: "ಸಾರ್, ನಾವು ಲೆಕ್ಕ ಮಾಡಿದ್ದು ಐದೇ ಚುಕ್ಕಿ. ನಡುವಿನ ಜಾಗದಲ್ಲೆಲ್ಲ ಗೆರೆ ಎಳೆಯಬಹುದು ಅಂತ ಯಾರು ಹೇಳಿದ್ದು?" ಸಂಧಿ ಸಮಾಸಗಳನ್ನು ಕೇಳಿದ್ದರೆ ನಾಲ್ಕು ಮಾತು ಹೇಳುತ್ತಿದ್ದೆ. ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ನಿಮ್ಮ ಮೇಷ್ಟರನ್ನು ಕೇಳು ಎಂದು ಜಾರಿಕೊಂಡೆ. ಆದರೆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಮನೆಯ ಮುಂದೆ ಚುಕ್ಕಿಯಿಟ್ಟು ರಂಗೋಲಿ ಹಾಕುವ ಹೆಣ್ಣುಮಗಳಿಗೆ ಯಾವ ಚುಕ್ಕಿಯಿಂದ ಯಾವ ಚುಕ್ಕಿಗೆ ಎಳೆ ಹೋಗಬೇಕೆಂಬುದು ಕೈಗೆ ತಿಳಿದಿರುತ್ತದೆ. ಅದು ಸಂಪ್ರದಾಯ ಕೊಟ್ಟ ಅಧಿಕಾರ. ಗಣಿತದ ಚುಕ್ಕಿಗಳನ್ನು ಕೂಡಿಸುವುದಕ್ಕೆ ಅಧಿಕಾರ ಕೊಟ್ಟವರಾರು? ಹುಡುಕುತ್ತ ಹೋದಾಗ ತಿಳಿದದ್ದೇನೆಂದರೆ, ಚುಕ್ಕಿ ಇಡುವುದು ಬಹಳ ಹಳೆಯ ಸಂಗತಿ. ಕೂಡಿಸಬಹುದೆಂಬುದಕ್ಕೆ ಕಾರಣವನ್ನು ಕೊಟ್ಟದ್ದು ಹದಿನೇಳನೆಯ ಶತಮಾನದಲ್ಲಿ. ಆ ಕಥೆಯನ್ನೇ ಇಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ.

ಮೊದಲು ಬಾಳೆಹಣ್ಣಿನ ಲೆಕ್ಕವನ್ನು ಮುಗಿಸೋಣ. ಇಲ್ಲಿ ತಿಳಿಯದ ಸಂಖ್ಯೆಗಳು ಎರಡು: ರಾಶಿಯ ಹಣ್ಣು, ತಲೆಯ ಪಾಲು. ಸಮೀಕರಣವೋ ಒಂದೇ. ರಾಶಿಯ ಹಣ್ಣನ್ನು 63ರಿಂದ ಗುಣಿಸಿ 7 ಕೂಡಿಸಿದರೆ, ಪಾಲನ್ನು 23ರಿಂದ ಗುಣಿಸಿದಷ್ಟಾಗಬೇಕು. ಒಂದು ಸಮೀಕರಣದಿಂದ ಎರಡು ಅವ್ಯಕ್ತಗಳನ್ನು ಹಿಡಿಯಲು ಹೋದರೆ ಒಂದೇ ಉತ್ತರವೆಂಬ ನಿಯಮವಿರುವುದಿಲ್ಲ. ನಮ್ಮ ಹಿಂದಿನವರು ಇಂಥವುಗಳಲ್ಲಿ ಹುಡುಕಿದ್ದು ಪೂರ್ಣಾಂಕದ ಉತ್ತರವನ್ನು. ಹಣ್ಣನ್ನು ಕತ್ತರಿಸದೆ ಹಂಚಬೇಕಲ್ಲ! ಅದಕ್ಕೆ ಆರ್ಯಭಟನು ಕ್ರಿ. ಶ. 499ರಲ್ಲಿಯೇ ಒಂದು ಉಪಾಯವನ್ನು ಹೇಳಿದ್ದಾನೆ. ಅದಕ್ಕೆ ಕುಟ್ಟಕವೆಂದು ಹೆಸರು ನಿಂತಿತು. ಒರಳಿನಲ್ಲಿ ಕುಟ್ಟುತ್ತೇವಲ್ಲ, ಅದೇ ಕುಟ್ಟು. ದೊಡ್ಡ ಸಂಖ್ಯೆಗಳನ್ನು ಕುಟ್ಟಿ ಕುಟ್ಟಿ ಪುಡಿ ಮಾಡುವುದೇ ಅದರ ಕ್ರಮ. 63ನ್ನು 23ರಿಂದ ಭಾಗಿಸಿದರೆ ಭಾಗಲಬ್ಧ 2, ಶೇಷ 17. ಆ 17ರಿಂದ 23ನ್ನು ಭಾಗಿಸಿದರೆ ಭಾಗಲಬ್ಧ 1, ಶೇಷ 6. ಮತ್ತೆ 17ನ್ನು 6ರಿಂದ, 6ನ್ನು 5ರಿಂದ; ಕೊನೆಗೆ ಶೇಷ 1. ಭಾಗಲಬ್ಧಗಳನ್ನು ಒಂದರ ಕೆಳಗೊಂದಾಗಿ ಬರೆದರೆ ಇಳಿಬಿದ್ದ ಬಳ್ಳಿಯಂತೆ ಕಾಣುತ್ತದೆ. ಆದ್ದರಿಂದ ಮಹಾವೀರನು ಇದನ್ನು ವಲ್ಲಿಕಾಕುಟ್ಟೀಕಾರ ಎನ್ನುತ್ತಾನೆ. 'ವಲ್ಲಿ'ಯ ತದ್ಭವವೇ ನಮ್ಮ ಬಳ್ಳಿ. ಆ ಬಳ್ಳಿಯನ್ನು ಹಿಡಿದು ಕೆಳಗಿನಿಂದ ಮೇಲಕ್ಕೆ ಹತ್ತಿದರೆ ಉತ್ತರ ಕೈಗೆ ಬರುತ್ತದೆ. ರಾಶಿಗೆ 5 ಹಣ್ಣು, ತಲೆಗೆ 14 ಹಣ್ಣು. ತಾಳೆ ನೋಡಿ: 63 ಐದಲೆ 315, ಏಳು ಕೂಡಿದರೆ 322, ಇಪ್ಪತ್ತಮೂರು ಹದಿನಾಲ್ಕಲೆಯೂ 322. ಇದೊಂದೇ ಉತ್ತರವಲ್ಲ. ರಾಶಿಗೆ 23ನ್ನೂ ಪಾಲಿಗೆ 63ನ್ನೂ ಸೇರಿಸುತ್ತ ಹೋದರೆ 28 ಮತ್ತು 77, 51 ಮತ್ತು 140, ಹೀಗೆ ಮುಗಿಯದ ಉತ್ತರಗಳ ಸಾಲು.

ಈಗ ಮನೆಯ ಮಕ್ಕಳ ಗ್ರಾಫ್ ಪುಸ್ತಕದಿಂದ ಒಂದು ಹಾಳೆಯನ್ನು ಕೇಳಿ ಪಡೆಯಿರಿ. ಕೆಳಗೆ ಒಂದು ಅಡ್ಡಗೆರೆ, ಎಡಕ್ಕೆ ಒಂದು ನಿಲುಗೆರೆ ಎಳೆಯಿರಿ. ಅಡ್ಡಗೆರೆಯ ಮೇಲೆ ರಾಶಿಯ ಹಣ್ಣು, ನಿಲುಗೆರೆಯ ಮೇಲೆ ತಲೆಯ ಪಾಲು. ಒಂದು ಹಣ್ಣಿಗೆ ಒಂದು ಸೆಂಟಿಮೀಟರು. ಮಹಾವೀರನ ನಿಬಂಧನೆಯನ್ನು ಸ್ವಲ್ಪ ಸಡಿಲಿಸಿ, ಹಣ್ಣನ್ನು ಕತ್ತರಿಸಬಹುದು ಎಂದಿಟ್ಟುಕೊಳ್ಳಿ. ರಾಶಿಗೆ 1 ಹಣ್ಣಿದ್ದರೆ ಒಟ್ಟು 70. ತಲೆಗೆ 3 ಹಣ್ಣು ಮತ್ತು ಒಂದು ಹಣ್ಣಿನ 23ರಲ್ಲಿ ಒಂದು ಭಾಗ. ರಾಶಿಗೆ 2 ಇದ್ದರೆ ತಲೆಗೆ 5, ಮೇಲೆ 23ರಲ್ಲಿ 18 ಭಾಗ. 3 ಇದ್ದರೆ 8, ಮೇಲೆ 12 ಭಾಗ. 4 ಇದ್ದರೆ 11, ಮೇಲೆ 6 ಭಾಗ. 5 ಇದ್ದರೆ ಸರಿಯಾಗಿ 14. ರಾಶಿಯಲ್ಲಿ ಏನೂ ಇಲ್ಲದಿದ್ದರೂ ಬಿಡಿಯಾದ ಏಳು ಹಣ್ಣು ಇದ್ದೇ ಇವೆಯಾಗಿ, ಅಲ್ಲಿಯೂ ತಲೆಗೆ 23ರಲ್ಲಿ 7 ಭಾಗ ಸಿಗುತ್ತದೆ. ಆರು ಚುಕ್ಕಿಗಳನ್ನೂ ಇಟ್ಟು ಅಳತೆಪಟ್ಟಿಯನ್ನು ತಗುಲಿಸಿ ನೋಡಿ. ಆರೂ ಒಂದೇ ಸಾಲಿನಲ್ಲಿ, ಕಡಿದಾದ ಒಂದು ಏಣಿಯಂತೆ ನಿಂತಿರುತ್ತವೆ. ಇವುಗಳಲ್ಲಿ ಹಾಳೆಯ ಸೆಂಟಿಮೀಟರಿನ ಗೆರೆಗಳು ಒಂದನ್ನೊಂದು ದಾಟುವ ಮೂಲೆಯ ಮೇಲೆ ಸರಿಯಾಗಿ ಕೂತದ್ದು ಕೊನೆಯದೊಂದೇ. ಅದೇ ಮಹಾವೀರನ ಉತ್ತರ.

ನನಗೆ ಮೊದಲ ಸಲ ಇದನ್ನು ಕಂಡಾಗ ಆದ ಸಂತೋಷವನ್ನು ಮುಚ್ಚಿಡಲಾರೆ. ಆದರೆ ಸಂತೋಷದ ಭರದಲ್ಲಿ, ನಕ್ಷೆಯನ್ನು ಕಂಡುಹಿಡಿದವನೂ ಮಹಾವೀರನೇ ಎಂದು ಸಾರಿಬಿಡುವ ಚಪಲಕ್ಕೆ ಬೀಳಬಾರದು. ಅವನ ಗ್ರಂಥದಲ್ಲಿ ಸಮೀಕರಣವಿದೆ, ಉತ್ತರವಿದೆ, ಗೆರೆಯಿಲ್ಲ. ಗೆರೆಯ ಅಗತ್ಯ ಅವನಿಗಿರಲಿಲ್ಲ. ಮೂಲೆಯ ಮೇಲೆ ಕೂರುವ ಚುಕ್ಕಿಯನ್ನು ಮಾತ್ರ ಬಯಸುವವನಿಗೆ ನಡುವಿನ ದಾರಿ ಏತಕ್ಕೆ?

ಗೆರೆಯ ಕಡೆಯ ಕಥೆ ಬೇರೊಂದು ನಾಡಿನದು. ಗ್ರೀಕರಲ್ಲಿ ಪೆರ್ಗಾದ ಅಪೊಲೋನಿಯಸ್ ಎಂಬುವನು ಕ್ರಿಸ್ತಪೂರ್ವ 200ರ ಸುಮಾರಿನಲ್ಲಿ, ಶಂಕುವನ್ನು ಕತ್ತರಿಸಿದಾಗ ಬರುವ ವಕ್ರರೇಖೆಗಳನ್ನು ವಿಚಾರ ಮಾಡುವಾಗ, ಇಂದಿನ ನಿರ್ದೇಶಾಂಕಗಳನ್ನು ನೆನಪಿಗೆ ತರುವ ಅಳತೆಗೆರೆಗಳನ್ನು ಬಳಸಿದ. ಆದರೆ ಅವನಲ್ಲಿ ವಕ್ರರೇಖೆ ಮೊದಲು, ಅಳತೆ ಆಮೇಲೆ. ಸಂಖ್ಯೆಗಳ ಒಂದು ನಿಯಮವನ್ನು ಕೊಟ್ಟು, ಇದರಿಂದ ಯಾವ ರೇಖೆ ಹುಟ್ಟುತ್ತದೆ ಎಂದು ಅವನು ಕೇಳಲಿಲ್ಲ. ಜರ್ಮನಿಯ ರೇಗೆನ್ಸ್‌ಬುರ್ಗ್ ನಗರದ ಒಂದು ಮಠದಲ್ಲಿದ್ದ ಹಸ್ತಪ್ರತಿಯಲ್ಲಿ, ಹತ್ತು ಅಥವಾ ಹನ್ನೊಂದನೆಯ ಶತಮಾನದ ಒಂದು ಚಿತ್ರವಿದೆ. ಚೌಕುಳಿಯ ಮೇಲೆ ಸೂರ್ಯ, ಚಂದ್ರ, ಗ್ರಹಗಳು ಕಾಲ ಸರಿದಂತೆ ಮೇಲೆ ಕೆಳಗೆ ಆಡುವ ದಾರಿಯನ್ನು ಅದರಲ್ಲಿ ಅಂಕುಡೊಂಕಾಗಿ ಎಳೆದಿದ್ದಾರೆ. ನೋಡಿದರೆ ಇಂದಿನ ನಕ್ಷೆಯಂತೆಯೇ ಇದೆ. ಆದರೆ ಅದಕ್ಕೆ ಮಕ್ಕಳು ಹುಟ್ಟಲಿಲ್ಲ, ಅದನ್ನು ನೋಡಿ ಯಾರೂ ಮುಂದುವರಿಸಲಿಲ್ಲ.

ಹದಿನಾಲ್ಕನೆಯ ಶತಮಾನದ ಪ್ಯಾರಿಸಿನಲ್ಲಿ ನಿಕೋಲ್ ಒರೇಮ್ ಎಂಬ ವಿದ್ವಾಂಸನಿದ್ದ. ಮುಂದೆ ಬಿಷಪ್ ಪದವಿಗೂ ಏರಿದ. ಆತ ಕಾಲವನ್ನು ಒಂದು ಅಡ್ಡಗೆರೆಯಾಗಿ ಹಾಸಿದ. ಓಡುವ ವಸ್ತುವಿಗೆ ಆಯಾ ಗಳಿಗೆಯಲ್ಲಿ ಎಷ್ಟು ವೇಗವಿದೆಯೋ ಅಷ್ಟೆತ್ತರದ ಕಡ್ಡಿಯನ್ನು ಆ ಗೆರೆಯ ಮೇಲೆ ನಿಲ್ಲಿಸಿದ. ವೇಗ ಒಂದೇ ಸಮನಾಗಿದ್ದರೆ ಕಡ್ಡಿಗಳ ತಲೆಗಳು ಮಟ್ಟವಾಗಿ ನಿಲ್ಲುತ್ತವೆ. ಒಂದೇ ಕ್ರಮದಲ್ಲಿ ಹೆಚ್ಚುತ್ತಿದ್ದರೆ ಇಳಿಜಾರಿನ ಸರಳರೇಖೆಯಾಗಿ ಏರುತ್ತವೆ. ಆ ರೇಖೆಯ ಕೆಳಗಿನ ತ್ರಿಭುಜದ ಕ್ಷೇತ್ರಫಲವೇ ವಸ್ತು ನಡೆದ ದೂರ ಎಂದೂ ಆತ ತೋರಿಸಿದ. ಗೆಲಿಲಿಯೋ 1638ರಲ್ಲಿ ಬೀಳುವ ವಸ್ತುಗಳ ವಿಷಯ ಬರೆದಾಗ ಇಂಥದೇ ಚಿತ್ರವನ್ನು ಹಾಕಿದ್ದಾನೆ. ಒರೇಮನದು ಮಹಾಬುದ್ಧಿ. ಆದರೆ ಅವನಲ್ಲಿ ಸಮೀಕರಣವಿರಲಿಲ್ಲ. ಅವ್ಯಕ್ತಗಳಿಗೆ ಅಕ್ಷರವನ್ನಿಟ್ಟು ಬರೆಯುವ ಬೀಜಗಣಿತ ಅವನ ಕೈಯಲ್ಲಿರಲಿಲ್ಲ.

ನಮ್ಮಲ್ಲಿ ಆ ಬೀಜಗಣಿತವಿತ್ತು. ಭಾಸ್ಕರಾಚಾರ್ಯನು 1150ರಲ್ಲಿ ಬರೆದ 'ಬೀಜಗಣಿತ'ವನ್ನು ನೋಡಿ. ಮೊದಲನೆಯ ಅವ್ಯಕ್ತಕ್ಕೆ 'ಯಾವತ್ತಾವತ್', ಎಂದರೆ ಎಷ್ಟೋ ಅಷ್ಟು. ಎರಡನೆಯದಕ್ಕೆ ಕಾಲಕ, ಮೂರನೆಯದಕ್ಕೆ ನೀಲಕ, ಆಮೇಲೆ ಪೀತಕ, ಲೋಹಿತಕ. ಕಪ್ಪು, ನೀಲಿ, ಹಳದಿ, ಕೆಂಪು ಎಂದು ಬಣ್ಣಗಳ ಹೆಸರು. ಬರೆಯುವಾಗ ಮೊದಲಕ್ಷರ ಸಾಕು. ನಮ್ಮ ಬಾಳೆಹಣ್ಣಿನ ಲೆಕ್ಕ ಆ ರೀತಿಯಲ್ಲಿ ಒಂದು ಕಡೆ 'ಯಾ 63 ರೂ 7', ಇನ್ನೊಂದು ಕಡೆ 'ಕಾ 23' ಎಂದಾಗುತ್ತದೆ. 'ರೂ' ಎಂದರೆ ರೂಪ, ತಿಳಿದ ಸಂಖ್ಯೆ. ಪ್ಯಾರಿಸಿನಲ್ಲಿ ಗೆರೆಯಿತ್ತು, ಸಮೀಕರಣವಿರಲಿಲ್ಲ. ನಮ್ಮಲ್ಲಿ ಸಮೀಕರಣವಿತ್ತು, ಅದನ್ನು ಗೆರೆಯಾಗಿ ಕಾಣುವ ಪದ್ಧತಿ ಬೆಳೆಯಲಿಲ್ಲ. ಯುರೋಪಿನಲ್ಲಿ ಅಕ್ಷರಗಳ ಕೊರತೆಯನ್ನು ನೀಗಿದವನು ಫ್ರಾನ್ಸಿನ ವಕೀಲ ಫ್ರಾನ್ಸ್ವಾ ವಿಯೆಟ್. 1591ರ ತನ್ನ ಗ್ರಂಥದಲ್ಲಿ ಆತ ತಿಳಿಯದ ರಾಶಿಗಳಿಗೆ ಸ್ವರಗಳನ್ನೂ ತಿಳಿದ ರಾಶಿಗಳಿಗೆ ವ್ಯಂಜನಗಳನ್ನೂ ಗೊತ್ತುಮಾಡಿದ. ವ್ಯಾಕರಣ ಕಲಿಸುವ ನನಗೆ ಈ ಏರ್ಪಾಡು ಬಹಳ ಹಿಡಿಸಿತೆಂದು ಬೇರೆ ಹೇಳಬೇಕಾಗಿಲ್ಲ.

ಈಗ ನಮ್ಮ ಹುಡುಗಿಯ ಪ್ರಶ್ನೆಗೆ ಉತ್ತರ ಕೊಟ್ಟವನ ಬಳಿಗೆ ಬಂದೆವು. ಪಿಯರ್ ದ ಫೆರ್ಮಾ ದಕ್ಷಿಣ ಫ್ರಾನ್ಸಿನ ತೂಲೂಸ್ ನಗರದ ಉಚ್ಚ ನ್ಯಾಯಾಲಯದಲ್ಲಿ 1631ರಿಂದ ಅಧಿಕಾರಿಯಾಗಿದ್ದವನು. ಗಣಿತ ಅವನಿಗೆ ಬಿಡುವಿನ ವೇಳೆಯ ವ್ಯಸನ. ಅಪೊಲೋನಿಯಸನ ಒಂದು ಕಳೆದುಹೋದ ಗ್ರಂಥವನ್ನು ಊಹಿಸಿ ಪುನಃ ಕಟ್ಟುವ ಕೆಲಸದಲ್ಲಿದ್ದಾಗ ಅವನಿಗೆ ಹೊಳೆದ ವಿಚಾರವನ್ನು ಲ್ಯಾಟಿನ್ನಿನಲ್ಲಿ ಒಂದು ಚಿಕ್ಕ ಪ್ರಬಂಧವಾಗಿ ಬರೆದಿಟ್ಟ. 1636ರ ಹೊತ್ತಿಗೆ ಆ ವಿಚಾರ ಅವನ ಕೈವಶವಾಗಿತ್ತು. ಅದರ ಸಾರ ಇಷ್ಟೆ: ಕೊನೆಯ ಸಮೀಕರಣದಲ್ಲಿ ಎರಡು ಅವ್ಯಕ್ತಗಳು ಉಳಿದುಕೊಂಡರೆ ಲೆಕ್ಕ ಕೆಟ್ಟಿತೆಂದು ಕೈಬಿಡಬೇಕಾಗಿಲ್ಲ, ಒಂದನ್ನು ಅಡ್ಡಗೆರೆಯ ಮೇಲೆ ಅಳೆದು, ಇನ್ನೊಂದನ್ನು ಅದರ ತುದಿಯಲ್ಲಿ ನಿಲ್ಲಿಸಿದರೆ, ಎರಡನೆಯದರ ತುದಿ ಒಂದು ರೇಖೆಯನ್ನು ಬರೆಯುತ್ತ ಹೋಗುತ್ತದೆ. ಉತ್ತರ ಒಂದೇ ಇಲ್ಲವೆಂಬ ಕೊರತೆಯೇ ಇಲ್ಲಿ ರೇಖೆಯಾಗಿ ನಿಂತಿತು. ಎಲ್ಲ ಉತ್ತರಗಳೂ ಒಟ್ಟಿಗೆ ಕಣ್ಣಿಗೆ ಬಿದ್ದವು.

ಅವನು ಎತ್ತಿಕೊಂಡ ಮೊದಲನೆಯ ಉದಾಹರಣೆ ನಮ್ಮದೇ ಜಾತಿಯದು, ಅವ್ಯಕ್ತಗಳ ವರ್ಗವಾಗಲಿ ಘನವಾಗಲಿ ಬಾರದ ಸಮೀಕರಣ. ಅದು ಸರಳರೇಖೆಯೇ ಆಗಬೇಕೆಂದು ಆತ ಸಾಧಿಸಿದ್ದನ್ನು ಬಾಳೆಹಣ್ಣಿನ ಮೂಲಕ ಹೇಳುತ್ತೇನೆ. ಬಿಡಿಯಾದ 7 ಹಣ್ಣುಗಳ ಪಾಲನ್ನು ಒಂದು ಕಡೆಗಿಡಿ. ಅದು ಎಲ್ಲ ಕಡ್ಡಿಗಳಲ್ಲಿಯೂ ಸಮನಾಗಿ ಇರುವುದರಿಂದ ಅಡ್ಡಗೆರೆಯನ್ನೇ ಅಷ್ಟು ಮೇಲಕ್ಕೆ ಎತ್ತಿದಂತಾಯಿತು. ಇನ್ನು ಉಳಿದ ಪಾಲಿಗೂ ರಾಶಿಯ ಹಣ್ಣಿಗೂ ಇರುವ ಪ್ರಮಾಣ ಯಾವಾಗಲೂ 63ಕ್ಕೆ 23. ರಾಶಿಯ ಹಣ್ಣನ್ನು ಪಾದವಾಗಿಯೂ ಪಾಲನ್ನು ನಿಲುವಾಗಿಯೂ ಇಟ್ಟು ಲಂಬಕೋನ ತ್ರಿಭುಜಗಳನ್ನು ಕಟ್ಟಿ: ಒಂದಕ್ಕೆ ಒಂದು, ಎರಡಕ್ಕೆ ಒಂದು, ಬೇಕಾದರೆ ಒಂದೂವರೆಗೆ ಒಂದು. ದೊಡ್ಡದಿರಲಿ ಚಿಕ್ಕದಿರಲಿ, ಎರಡು ಭುಜಗಳ ಪ್ರಮಾಣವೂ ನಡುವಿನ ಲಂಬಕೋನವೂ ಒಂದೇ ಆದ್ದರಿಂದ ಅವೆಲ್ಲ ಸಮರೂಪ ತ್ರಿಭುಜಗಳು. ಇದು ಯೂಕ್ಲಿಡನ ಕಾಲದಿಂದ ತಿಳಿದ ಮಾತು. ಸಮರೂಪವಾದುದರಿಂದ ಮೊದಲ ಮೂಲೆಯಲ್ಲಿ ಅವು ಮಾಡುವ ಕೋನ ಒಂದೇ. ಒಂದೇ ಬಿಂದುವಿನಿಂದ ಒಂದೇ ಕೋನದಲ್ಲಿ ಹೊರಟ ಓರೆಗೆರೆಗಳು ಬೇರೆ ಬೇರೆಯಾಗಿ ಹೋಗುವುದಾದರೂ ಹೇಗೆ? ಎಲ್ಲವೂ ಒಂದರ ಮೇಲೊಂದು ಬೀಳುತ್ತವೆ. ಆದ್ದರಿಂದ ನಾವು ಲೆಕ್ಕ ಮಾಡಿದ ಆರು ಚುಕ್ಕಿಗಳಷ್ಟೇ ಅಲ್ಲ, ಮಾಡದೆ ಬಿಟ್ಟ ಚುಕ್ಕಿಗಳೆಲ್ಲವೂ ಅದೇ ಗೆರೆಯ ಮೇಲಿವೆ. ಆ ಗೆರೆಯ ಮೇಲೆ ನೀವು ಎಲ್ಲಿ ಬೆರಳಿಟ್ಟರೂ ಅಲ್ಲಿಯ ಎರಡು ಅಳತೆಗಳು ಸಮೀಕರಣಕ್ಕೆ ಸರಿಹೋಗುತ್ತವೆ. ಅಳತೆಪಟ್ಟಿಯನ್ನಿಟ್ಟು ಎಳೆಯುವ ಅಧಿಕಾರ ಬಂದದ್ದು ಇಲ್ಲಿಂದ. ಇಂಥ ಸಮೀಕರಣಕ್ಕೆ 'ರೇಖಾತ್ಮಕ' ಎಂಬ ಹೆಸರು ಒಪ್ಪುವುದೂ ಇದರಿಂದಲೇ.

ವಿಚಿತ್ರವೇನೆಂದರೆ, ಈ ಫೆರ್ಮಾನೇ ಪೂರ್ಣಾಂಕಗಳ ಹುಚ್ಚನ್ನೂ ಹಚ್ಚಿಕೊಂಡವನು. ಒಂದು ವರ್ಗಸಂಖ್ಯೆಯನ್ನು 61ರಿಂದ ಗುಣಿಸಿ 1 ಕೂಡಿಸಿದರೆ ಇನ್ನೊಂದು ವರ್ಗಸಂಖ್ಯೆ ಬರಬೇಕು, ಅಂಥ ಪೂರ್ಣಾಂಕಗಳಾವುವು ಎಂದು 1657ರಲ್ಲಿ ಅವನು ಅನ್ಯ ಗಣಿತಜ್ಞರಿಗೆ ಸವಾಲು ಹಾಕಿದ. ಅದೇ 61ರ ಲೆಕ್ಕವನ್ನು ಭಾಸ್ಕರಾಚಾರ್ಯ 1150ರಲ್ಲಿ ಬಿಡಿಸಿಟ್ಟಿದ್ದನೆಂಬುದು ಅವನಿಗೆ ತಿಳಿದಿರಲಿಲ್ಲ. ಮೂಲೆಯ ಚುಕ್ಕಿಯ ರುಚಿಯನ್ನೂ ಇಡೀ ಗೆರೆಯ ರುಚಿಯನ್ನೂ ಒಬ್ಬನೇ ಬಲ್ಲವನಾಗಿದ್ದ. ಹೀಗಿರುವಾಗ ಮಹಾವೀರನ ದಾರಿ ಹಳತು, ಗೆರೆಯ ದಾರಿ ಹೊಸತು, ಹೊಸತು ಬಂದ ಮೇಲೆ ಹಳತೇಕೆ ಎನ್ನುವವರ ಮಾತನ್ನು ನಾನು ಒಪ್ಪಲಾರೆ. ಹಾಳೆಯ ಮೇಲೆ ಗೆರೆ ಎಳೆದ ಮಾತ್ರಕ್ಕೆ ಅದು ಯಾವ ಮೂಲೆಯನ್ನು ಮುಟ್ಟುತ್ತದೆಂದು ಕಣ್ಣು ಹೇಳಲಾರದು. ಪೆನ್ಸಿಲಿನ ಮೊನೆಯ ದಪ್ಪದಲ್ಲಿಯೇ 23ರಲ್ಲೊಂದು ಭಾಗ ಮುಳುಗಿಹೋಗುತ್ತದೆ. ಅದಕ್ಕೆ ಒರಳೇ ಬೇಕು, ಕುಟ್ಟಲೇ ಬೇಕು.

ಫೆರ್ಮಾ ತನ್ನ ಪ್ರಬಂಧವನ್ನು ಅಚ್ಚು ಹಾಕಿಸಲಿಲ್ಲ. ಕೈಬರಹದ ಪ್ರತಿ ಪ್ಯಾರಿಸಿನ ಕೆಲವು ವಿದ್ವಾಂಸರ ನಡುವೆ ಓಡಾಡಿತು. ಅವನು ತೀರಿಕೊಂಡದ್ದು 1665ರಲ್ಲಿ. ಮಗ ಅವನ ಬರಹಗಳನ್ನು ಕೂಡಿಸಿ ಮುದ್ರಿಸಿದ್ದು 1679ರಲ್ಲಿ. ಅಷ್ಟರಲ್ಲಿ ಕೀರ್ತಿಯೆಲ್ಲ ಮತ್ತೊಬ್ಬನ ಪಾಲಾಗಿತ್ತು. 1637ರಲ್ಲಿ ಹಾಲೆಂಡಿನ ಲೈಡನ್ ನಗರದಲ್ಲಿ ರೆನೆ ಡೆಕಾರ್ಟ್ ತನ್ನ ತತ್ತ್ವಗ್ರಂಥಕ್ಕೆ ಅನುಬಂಧವಾಗಿ 'ರೇಖಾಗಣಿತ'ವನ್ನು ಪ್ರಕಟಿಸಿದ. ಗ್ರಂಥದ ಮೇಲೆ ಕರ್ತೃವಿನ ಹೆಸರೂ ಇರಲಿಲ್ಲ. ತಿಳಿದ ರಾಶಿಗಳಿಗೆ ಅಕ್ಷರಮಾಲೆಯ ಮೊದಲಿನ ಅಕ್ಷರಗಳು, ತಿಳಿಯದವಕ್ಕೆ ಕೊನೆಯ ಎಕ್ಸ್, ವೈ, ಝಡ್ ಎಂಬ ಇಂದಿನ ವಾಡಿಕೆ ಅವನಿಂದ ಬಂದದ್ದು. ಹಾಸಿಗೆಯಲ್ಲಿ ಮಲಗಿ ಚಾವಣಿಯ ಮೇಲೆ ಹರಿದಾಡುವ ನೊಣವನ್ನು ನೋಡುತ್ತ ಅವನಿಗೆ ಈ ವಿದ್ಯೆ ಹೊಳೆಯಿತೆಂಬ ಕಥೆಯನ್ನು ನೀವು ಕೇಳಿರಬಹುದು. ಅದಕ್ಕೆ ಅವನ ಬರಹಗಳಲ್ಲಿ ಆಧಾರವಿಲ್ಲ. ತರಗತಿಯಲ್ಲಿ ಮಕ್ಕಳನ್ನು ನಗಿಸಲು ನಾನೂ ಅದನ್ನು ಹೇಳಿದ್ದುಂಟು, ಇನ್ನು ಹೇಳುವುದಿಲ್ಲ. ಇನ್ನೊಂದು ಆಶ್ಚರ್ಯವಿದೆ. ಶಾಲೆಯ ಹಾಳೆಯ ಮೇಲೆ ಮಕ್ಕಳು ಮಾಡುವ ಕೆಲಸ, ಎಂದರೆ ಸಮೀಕರಣದಿಂದ ಬೆಲೆಗಳನ್ನು ಪಡೆದು ಚುಕ್ಕಿಯಿಟ್ಟು ಒಂದು ಹೊಸ ರೇಖೆಯನ್ನು ಬಿಡಿಸುವುದು, ಡೆಕಾರ್ಟನ ಆ ಗ್ರಂಥದಲ್ಲಿ ಎಲ್ಲಿಯೂ ಇಲ್ಲ! ಅವನ ಗಮನವೆಲ್ಲ ಗ್ರೀಕರು ಬಿಟ್ಟುಹೋದ ಕಠಿನ ಸಮಸ್ಯೆಗಳ ಮೇಲೆ. ಬಡ ಸರಳರೇಖೆ ಅವನ ಕಣ್ಣಿಗೆ ಬೀಳುವಂಥದಾಗಿರಲಿಲ್ಲ.

ಫೆರ್ಮಾ, ಡೆಕಾರ್ಟ್ ಇಬ್ಬರೂ ಬಳಸಿದ್ದು ಒಂದೇ ಅಕ್ಷ, ಅದೂ ಬಲಕ್ಕೆ ಮಾತ್ರ. ಸೊನ್ನೆಯ ಎಡಕ್ಕೆ, ಋಣಸಂಖ್ಯೆಗಳ ಸೀಮೆಗೆ, ಅವರು ಕಾಲಿಡಲಿಲ್ಲ. ಹೀಗಾಗಿ ಫೆರ್ಮಾನ ಗೆರೆ ಅರ್ಧಗೆರೆ. ಇಲ್ಲಿ ಮತ್ತೆ ಭಾಸ್ಕರಾಚಾರ್ಯನನ್ನು ನೆನೆಯಬೇಕು. 'ಲೀಲಾವತಿ'ಯಲ್ಲಿ ಒಂದು ತ್ರಿಭುಜವಿದೆ: ಭುಜಗಳು 10 ಮತ್ತು 17, ಭೂಮಿ 9. ಶಿಖರದಿಂದ ಲಂಬವನ್ನು ಇಳಿಸಿದರೆ ಭೂಮಿ ಎಷ್ಟೆಷ್ಟಾಗಿ ಒಡೆಯುತ್ತದೆ? ಲೆಕ್ಕ ಮಾಡಿದರೆ ಒಂದು ತುಂಡು 15, ಇನ್ನೊಂದು ಋಣ 6. ಉದ್ದ ಋಣವಾಗುವುದೆಂದರೇನು? ಅದು ಎದುರು ದಿಕ್ಕಿನಲ್ಲಿದೆ ಎಂದರ್ಥ ಎಂದು ಭಾಸ್ಕರ ಸ್ಪಷ್ಟವಾಗಿ ಹೇಳುತ್ತಾನೆ. ಲಂಬ ಭೂಮಿಯ ಹೊರಕ್ಕೆ ಬಿದ್ದಿದೆ. ಗೆರೆಯನ್ನು ಸೊನ್ನೆಯಾಚೆಗೆ ಎಳೆಯುವುದಕ್ಕೆ ಬೇಕಾದ ಅರಿವು ಇದೇ. ಯುರೋಪಿನಲ್ಲಿ ಎರಡು ಅಕ್ಷಗಳನ್ನೂ ನಾಲ್ಕು ಕಡೆಗೂ ಚಾಚಿ, ಧನಋಣಗಳೆರಡನ್ನೂ ಸಲೀಸಾಗಿ ಬಳಸಿ ರೇಖೆಗಳನ್ನು ಬಿಡಿಸಿದ್ದನ್ನು ನ್ಯೂಟನ್ನನ 1704ರ ಪ್ರಬಂಧದಲ್ಲಿ ಕಾಣುತ್ತೇವೆ. ನಿರ್ದೇಶಾಂಕಗಳೆಂಬ ಅರ್ಥದ ಲ್ಯಾಟಿನ್ ಹೆಸರನ್ನು 1692ರಲ್ಲಿ ಬಳಕೆಗೆ ತಂದವನು ಲೈಬ್ನಿಟ್ಸ್. ಇಷ್ಟಾದರೂ ಸರಳರೇಖೆ ಹಿಂದಿನ ಬೆಂಚಿನಲ್ಲಿಯೇ ಇತ್ತು. ತೀರ ಸುಲಭವೆಂದು ದೊಡ್ಡವರು ಅದನ್ನು ಬಿಟ್ಟರು. ಪಠ್ಯಗ್ರಂಥಗಳಲ್ಲಿ ಅದಕ್ಕೆ ನೆಟ್ಟಗೆ ಒಂದು ಜಾಗ ಸಿಕ್ಕಿದ್ದು ಹದಿನೆಂಟನೆಯ ಶತಮಾನದ ಕೊನೆಗೆ, ಫ್ರಾನ್ಸಿನ ಮೋಂಜ್ ಮತ್ತು ಲಕ್ರ್ವಾ ಎಂಬ ಅಧ್ಯಾಪಕರ ಕೈಯಲ್ಲಿ.

ಚುಕ್ಕಿ ಇಟ್ಟು ಗೆರೆ ಎಳೆಯುವುದು ಗಣಿತಜ್ಞರ ಕೋಣೆಯಿಂದ ಬೀದಿಗೆ ಬಂದದ್ದು ಹೆಚ್ಚು ಕಡಿಮೆ ಅದೇ ಕಾಲದಲ್ಲಿ. ವಿಲಿಯಂ ಪ್ಲೇಫೇರ್ ಎಂಬ ಸ್ಕಾಟ್ಲೆಂಡಿನವನು 1786ರಲ್ಲಿ ಲಂಡನ್ನಿನಲ್ಲಿ ಒಂದು ಪುಸ್ತಕ ತಂದ. ಅಡ್ಡಕ್ಕೆ ವರ್ಷಗಳು, ಮೇಲಕ್ಕೆ ಹಣ. ಇಂಗ್ಲೆಂಡಿನ ಆಮದು ರಫ್ತುಗಳೆಲ್ಲ ಗೆರೆಗಳಾಗಿ ಏರಿದವು, ಇಳಿದವು. ಅವನ ಅಣ್ಣ ಜಾನ್ ಗಣಿತಜ್ಞ. ಹುಡುಗನಾಗಿದ್ದಾಗ ತಮ್ಮನಿಂದ ದಿನದಿನದ ಉಷ್ಣತೆಯನ್ನು ಬರೆಯಿಸುತ್ತಿದ್ದನಂತೆ. ಇಂದು ಪತ್ರಿಕೆಯಲ್ಲಿ, ಟೆಲಿವಿಷನ್ನಿನಲ್ಲಿ ಬೆಲೆಗಳ ಏರಿಳಿತದ ನಕ್ಷೆಯನ್ನು ನೋಡುವಾಗ ನಾವು ನೋಡುತ್ತಿರುವುದು ಪ್ಲೇಫೇರನ ಸಂತತಿಯನ್ನು. ಆದರೆ ಅಲ್ಲಿ ಎರಡು ಚುಕ್ಕಿಗಳನ್ನು ಕೂಡಿಸುವ ಗೆರೆಗೆ ಫೆರ್ಮಾನ ಅಧಿಕಾರವಿಲ್ಲ ಎಂಬುದನ್ನು ಗಮನಿಸಿ. ಈ ವರ್ಷದ ಬೆಲೆಯ ಚುಕ್ಕಿಯಿಂದ ಮುಂದಿನ ವರ್ಷದ ಚುಕ್ಕಿಗೆ ಎಳೆದ ಗೆರೆ ಕಣ್ಣಿನ ಅನುಕೂಲಕ್ಕಾಗಿ ಹಾಕಿದ ಕಾಲುಸಂಕ. ನಡುವಿನ ತಿಂಗಳುಗಳಲ್ಲಿ ಏನಾಯಿತೆಂದು ಅದು ಹೇಳುವುದಿಲ್ಲ. ಆ ಗೆರೆಯನ್ನೇ ಹಿಡಿದು ಮುಂದಿನ ವರ್ಷದ ಭವಿಷ್ಯ ನುಡಿಯುವವರನ್ನು ನಾನಂತೂ ನಂಬುವುದಿಲ್ಲ.

ಕೂಡಿಸುವ ಗೆರೆ ನಿಜವಾಗಿಯೇ ಜೀವಂತವಾದ ಒಂದು ಕಡೆಯನ್ನು ಹೇಳಿಬಿಡುತ್ತೇನೆ. ಪ್ಯಾರಿಸ್‌ನಿಂದ ಲಿಯೋನ್ ನಗರಕ್ಕೆ ಹೋಗುವ ರೈಲುಗಳ ವೇಳಾಪಟ್ಟಿಯನ್ನು ನಕ್ಷೆಯಾಗಿ ಬರೆದದ್ದನ್ನು ಮಾರೇ ಎಂಬ ಫ್ರೆಂಚ್ ವಿಜ್ಞಾನಿ ಹತ್ತೊಂಬತ್ತನೆಯ ಶತಮಾನದಲ್ಲಿ ತನ್ನ ಗ್ರಂಥದಲ್ಲಿ ಅಚ್ಚು ಮಾಡಿದ; ಅದನ್ನು ರಚಿಸಿದವನು ಇಬ್ರಿ ಎಂಬ ಎಂಜಿನಿಯರ್ ಎಂದೂ ಹೇಳಿದ. ಅಡ್ಡಕ್ಕೆ ದಿನದ ಗಂಟೆಗಳು. ಮೇಲಿನಿಂದ ಕೆಳಕ್ಕೆ ಸ್ಟೇಷನ್ನುಗಳು. ಒಂದೊಂದು ರೈಲೂ ಒಂದೊಂದು ಓರೆಗೆರೆ. ವೇಗದ ರೈಲಿನ ಗೆರೆ ಕಡಿದು, ನಿಧಾನದ್ದು ಓರೆ. ಸ್ಟೇಷನ್ನಿನಲ್ಲಿ ನಿಂತಾಗ ಮಟ್ಟ. ಎದುರುಬದುರಾಗಿ ಬರುವ ಎರಡು ರೈಲುಗಳ ಗೆರೆಗಳು ದಾಟುವ ಚುಕ್ಕಿಯೇ ಅವು ಎಲ್ಲಿ, ಎಷ್ಟು ಹೊತ್ತಿಗೆ ಸಂಧಿಸುತ್ತವೆಂಬುದಕ್ಕೆ ಉತ್ತರ. ಒಂಟಿ ಹಳಿಯ ದಾರಿಯಲ್ಲಿ ಆ ಚುಕ್ಕಿ ಸ್ಟೇಷನ್ನಿನಲ್ಲಿ ಬೀಳದೆ ನಡುದಾರಿಯಲ್ಲಿ ಬಿದ್ದರೆ ಏನಾದೀತೆಂದು ನೀವೇ ಊಹಿಸಿಕೊಳ್ಳಿ. ನಮ್ಮ ದೇಶದ ರೈಲ್ವೆ ಕಂಟ್ರೋಲ್ ಆಫೀಸುಗಳಲ್ಲಿಯೂ ಸೆಕ್ಷನ್ ಕಂಟ್ರೋಲರು ಬಹುಕಾಲ ಇಂಥ ಚಾರ್ಟನ್ನು ಕೈಯಲ್ಲೇ ಎಳೆಯುತ್ತಿದ್ದರು. ಈಗ ಆ ಕೆಲಸ ಕಂಪ್ಯೂಟರಿನ ತೆರೆಯ ಮೇಲೆ ನಡೆಯುತ್ತದೆ. ರೈಲು ಎರಡು ಸ್ಟೇಷನ್ನುಗಳ ನಡುವೆ ಪ್ರತಿ ಗಳಿಗೆಯೂ ಎಲ್ಲೋ ಒಂದು ಕಡೆ ಇದ್ದೇ ಇರುತ್ತದೆ. ಅಲ್ಲಿ ಗೆರೆಯ ಮೇಲಿನ ಪ್ರತಿಯೊಂದು ಚುಕ್ಕಿಗೂ ಅರ್ಥವಿದೆ.

ಶಾಲೆಗೆ ಈ ವಿದ್ಯೆ ಬಂದದ್ದು ತೀರ ಈಚೆಗೆ. ಜಪಾನಿನಲ್ಲಿಯೂ ಪಾಠ ಹೇಳಿ ಬಂದಿದ್ದ ಜಾನ್ ಪೆರಿ ಎಂಬ ಎಂಜಿನಿಯರಿಂಗ್ ಪ್ರಾಧ್ಯಾಪಕ 1901ರಲ್ಲಿ ಗ್ಲಾಸ್ಗೋ ನಗರದಲ್ಲಿ ಸೇರಿದ ವಿಜ್ಞಾನಿಗಳ ಸಭೆಯಲ್ಲಿ, ಮಕ್ಕಳ ಕೈಗೆ ಚೌಕುಳಿ ಕಾಗದ ಕೊಡಿ ಎಂದು ವಾದಿಸಿದ. ಮರುವರ್ಷ ಅಮೆರಿಕದಲ್ಲಿ ಮೂರ್ ಎಂಬ ಗಣಿತಜ್ಞನೂ, 1905ರ ಹೊತ್ತಿಗೆ ಜರ್ಮನಿಯಲ್ಲಿ ಫೆಲಿಕ್ಸ್ ಕ್ಲೈನನೂ ಇದೇ ದಿಕ್ಕಿನಲ್ಲಿ ಒತ್ತಾಯ ಮಾಡಿದರು. ಚೌಕುಳಿ ಹಾಳೆ ಬಂದಿತು, ಚುಕ್ಕಿ ಬಂದಿತು, ಅಳತೆಪಟ್ಟಿ ಬಂದಿತು. ಫೆರ್ಮಾನ ಸಮರೂಪ ತ್ರಿಭುಜಗಳು ಮಾತ್ರ ದಾರಿಯಲ್ಲೆಲ್ಲೋ ಹಿಂದುಳಿದವು. ನಮ್ಮ ಹುಡುಗಿಯ ಪ್ರಶ್ನೆಗೆ ಎಡೆಯಾದದ್ದು ಅಲ್ಲಿಯೇ.

ಅವಳಿಗೆ ತಡವಾಗಿಯಾದರೂ ಉತ್ತರ ಹೇಳಿದೆ. ಬಾಳೆಹಣ್ಣಿನ ಲೆಕ್ಕದ ಗೆರೆಯನ್ನು ಹಾಳೆಯ ಮೇಲೆ ಎಳೆದು, ತ್ರಿಭುಜಗಳನ್ನು ಕಟ್ಟಿ ತೋರಿಸಿದೆ. ಅವಳು ಒಪ್ಪಿದಳು, ಒಪ್ಪಿ ಸುಮ್ಮನಾಗಲಿಲ್ಲ. ಮಹಾವೀರಾಚಾರ್ಯರ ಎರಡನೆಯ ಉತ್ತರ, 28 ಮತ್ತು 77, ಈ ಗೆರೆಯ ಮೇಲೆ ನಿಜವಾಗಿಯೂ ಮೂಲೆಯಲ್ಲಿಯೇ ಕೂರುತ್ತದೆಯೋ ನೋಡಬೇಕು ಎಂದಳು. ಒಂದು ಹಣ್ಣಿಗೆ ಒಂದು ಸೆಂಟಿಮೀಟರಾದರೆ ಅಡ್ಡಕ್ಕೆ ಎರಡು ಹಾಳೆ, ಎತ್ತರಕ್ಕೆ ನಾಲ್ಕು ಹಾಳೆ ಅಂಟಿಸಬೇಕು. ಗೆಳತಿಯರನ್ನು ಕೂಡಿಕೊಂಡು ಅಂಟಿಸಿದಳು. ಬೆಂಚುಗಳನ್ನು ಸರಿಸಿ, ನೆಲದ ಮೇಲೆ ಹಾಸಿ, ಉದ್ದನೆಯ ದಾರವೊಂದನ್ನು ಮೊದಲ ಚುಕ್ಕಿಯಿಂದ 14ರ ಚುಕ್ಕಿಯ ಮೇಲೆ ಹಾಯಿಸಿ ಬಿಗಿಯಾಗಿ ಎಳೆದು ಹಿಡಿದರು. ದಾರ ನಡುವೆ 22 ನಿಲುಗೆರೆಗಳನ್ನು ಒಂದು ಮೂಲೆಯನ್ನೂ ಮುಟ್ಟದೆ ದಾಟಿತು. ಇಪ್ಪತ್ತೆಂಟನೆಯ ನಿಲುಗೆರೆಯ ಹತ್ತಿರ ಮೂವರೂ ತಲೆ ಬಗ್ಗಿಸಿ ಕುಳಿತು ಎಪ್ಪತ್ತೇಳರವರೆಗೆ ಎಣಿಸಿದರು.